ಆ ಹುಡುಗಿಯ ಬಾಯಲ್ಲಿ ನಿನ್ನ ದನಿ ಇರಲಿಲ್ಲ

ಕಂಪ್ಲಿ
15 ಜನವರಿ 2024

ಮಗಳು ಸುಕನ್ಯಾಗೆ ಅಪ್ಪ ತಾಯಪ್ಪನ ಆಶೀರ್ವಾದ.

ನಿನ್ನೆ ಹೊಸಪೇಟೆಗೆ ಹೋಗಿ ಸಿನಿಮಾ ನೋಡಿ ಬಂದೆ. ನಿನ್ನ ಸಿನಿಮಾ ಎಂದೇ ಹೋಗಿದ್ದೆ. ಆ ಹುಡುಗಿಯ ಬಾಯಲ್ಲಿ ನಿನ್ನ ದನಿ ಇರಲಿಲ್ಲ. ಅದಕ್ಕೇ ಹಬ್ಬದ ದಿನವೂ ಕೂತು ಬರೆಯುತ್ತಿದ್ದೇನೆ.

ಮಿಲ್ಲಿಗೆ ರಜೆ ಇತ್ತು. ಹಮಾಲಿ ಎರ್ರೆಪ್ಪನನ್ನೂ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಮಲಾಪುರದಲ್ಲಿ ಹಂಪಿಗೆ ಹೋಗುವವರೆಲ್ಲ ಇಳಿದ ಮೇಲೆ ಸೀಟು ಸಿಕ್ಕಿತು. ಥಿಯೇಟರಿನಲ್ಲಿ ನಾನು ಎಂದಿನಂತೆ ಮುಂದಿನ ಸಾಲಿನ ಎಡಮೂಲೆಗೆ, ಸ್ಪೀಕರಿನ ಬುಡಕ್ಕೆ ಹೋಗಿ ಕುಳಿತೆ. ಎರ್ರೆಪ್ಪ ನನ್ನ ಕಿವಿಗೆ ಬಾಯಿ ಹಚ್ಚಿ, "ಇಲ್ಲಿ ಕುಂತ್ರ ಕುತಗಿ ನೋಯ್ತತಿ ಮಾರಾಯ, ಹಿಂದ ಬಾ" ಎಂದು ಕೂಗಿದ. ಅವನಿಗೇನು ಗೊತ್ತು. ಇಪ್ಪತ್ತೆರಡು ವರ್ಷ ಪ್ರಚಾರದ ಜೀಪಿನಲ್ಲಿ ಎರಡು ಹಾರ್ನುಗಳ ಕೆಳಗೆ ಕೂತು "ಇಂದಿನಿಂದ ನಮ್ಮ ಟಾಕೀಸಿನಲ್ಲಿ ದಿನಾ ಮೂರು ಆಟ" ಎಂದು ಊರೂರು ಕೂಗಿದವನು ನಾನು. ಟಾಕೀಸು ಮುಚ್ಚಿದ ಮೇಲೆ ಅಕ್ಕಿ ಗಿರಣಿಯ ಗೇಟಿಗೆ ಬಂದೆ, ಉಳಿದ ಕಿವಿಯನ್ನು ಗಿರಣಿ ತಿಂದಿತು. ಫೋನಿನಲ್ಲಿ ನೀನು ಮಾತಾಡಿದರೆ ನನಗೆ ಗುಂಯ್ ಎನ್ನುವುದಷ್ಟೇ ಕೇಳುತ್ತದೆ. ನನ್ನ ಮಗಳು ನನಗೆ ಕೇಳಿಸುವುದು ಥಿಯೇಟರಿನಲ್ಲಿ ಮಾತ್ರ.

ಎಂಟು ವರ್ಷದಿಂದ ಆ ನಾಯಕಿಯ ತೆಲುಗು ಸಿನಿಮಾ ಕನ್ನಡಕ್ಕೆ ಬಂದಾಗಲೆಲ್ಲ ನಿನ್ನದೇ ಕಂಠ. ನಿನ್ನೆಯದೂ ಒಳ್ಳೆಯ ಕಂಠವೇ. ಆದರೆ ಅಳುವ ಮುಂಚೆ ನೀನು ಉಸಿರನ್ನು ತುಸು ಒಳಗೆಳೆದು ತಡೆಯುತ್ತೀಯಲ್ಲ, ನಿನ್ನ ಅವ್ವ ಮಾಡುತ್ತಿದ್ದ ಹಾಗೆ, ಅದು ಇರಲಿಲ್ಲ. ಇಂಟರ್‌ವಲ್ಲಿನಲ್ಲಿ ಚಹಾ ಕುಡಿಯದೆ ಲೋಟವನ್ನು ಎರ್ರೆಪ್ಪನ ಕೈಗೆ ಕೊಟ್ಟೆ. "ಏನಾತೋ, ಮಾರಿ ಯಾಕ ಹಿಂಗಾತು" ಎಂದ. ಏನಿಲ್ಲ ಎಂದೆ.

ಏನಾಯಿತು ಎಂದು ನೀನು ನನಗೆ ಬರಿ.

ಅಪ್ಪ

*

ಹೈದರಾಬಾದ್
22 ಜನವರಿ 2024

ಅಪ್ಪಾ,

ನಿನ್ನ ಕಾಗದ ಓದಿ ನಗು ಬಂತು. ಏನೂ ಆಗಿಲ್ಲ. ಈಗೆಲ್ಲ ದನಿಯನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ನಮ್ಮ ಸ್ಟುಡಿಯೊದ ಎಂಜಿನಿಯರ್ ಹೊಸಬ, ಏನೋ ಮಾಡಿರಬೇಕು. ನನಗೂ ಆಗ ಸ್ವಲ್ಪ ನೆಗಡಿ ಇತ್ತು. ಎರಡೂ ಸೇರಿ ನಿನಗೆ ಬೇರೆ ಯಾರದೋ ದನಿಯಂತೆ ಕೇಳಿಸಿದೆ.

ಅದಕ್ಕಿಂತ ದೊಡ್ಡ ಸುದ್ದಿ ಕೇಳು. ಡಬ್ಬಿಂಗ್ ಉಸ್ತುವಾರಿ ನೋಡುವ ರಾಯಚೂರಿನ ಮಲ್ಲಿಕಾರ್ಜುನ್ ಸರ್ ಹೊಸದೊಂದು ದೆವ್ವದ ಸಿನಿಮಾ ನನಗೇ ಕೊಟ್ಟಿದ್ದಾರೆ. ನಾಯಕಿ ಒಂದು ಮನೆಯೊಳಗೆ ಸಿಕ್ಕಿಕೊಳ್ಳುತ್ತಾಳೆ, ಮೊದಲಿಂದ ಕೊನೆಯತನಕ ಅವಳೊಬ್ಬಳೇ. ಟೈಟಲ್ಲಿನಲ್ಲಿ "ಕಂಠದಾನ: ಸುಕನ್ಯಾ ತಾಯಪ್ಪ" ಎಂದು ಹಾಕುತ್ತಾರಂತೆ. ಇಷ್ಟು ವರ್ಷದಲ್ಲಿ ಇದೇ ಮೊದಲು. ನಿನ್ನ ಹೆಸರೂ ಪರದೆಯ ಮೇಲೆ ಬರುತ್ತದೆ.

ಅವ್ವ ಇರಬೇಕಿತ್ತು. ಮೊನ್ನೆ ನನ್ನ ರೂಮಿನ ಶೈಲಜಾಗೆ ಅವ್ವನ ಕತೆಯನ್ನೇ ಹೇಳುತ್ತಿದ್ದೆ. ಟಾಕೀಸಿನ ಹೆಂಗಸರ ಕೌಂಟರಿನಲ್ಲಿ ಟಿಕೆಟ್ ಹರಿದುಕೊಟ್ಟು, ಒಳಗೆ ಬಂದು ಗೋಡೆಗೊರಗಿ ನಿಂತು ಪ್ರತಿ ಸಿನಿಮಾ ನೋಡುತ್ತಿದ್ದುದು, ಮರುದಿನ ಭತ್ತದ ನಾಟಿಗೆ ಹೋದಾಗ ಕೆಸರಿನಲ್ಲಿ ಬಗ್ಗಿಕೊಂಡೇ ಇಡೀ ಸಿನಿಮಾ ಹೇಳುತ್ತಿದ್ದುದು. ನಾಯಕಿಗೊಂದು ದನಿ, ಅತ್ತೆಗೊಂದು, ಖಳನಿಗೊಂದು. ಹೆಂಗಸರು ಸಸಿ ಹಚ್ಚುವುದು ಮರೆತು ನಿಂತುಬಿಡುತ್ತಿದ್ದರು. ನಾನು ಕಲಿತದ್ದು ಬದುವಿನ ಮೇಲೆ ಕೂತು ಕೇಳಿದ ಅಷ್ಟೇ ವಿದ್ಯೆ.

ಎರ್ರೆಪ್ಪ ಕಾಕಾನ ಫೋನಿನಿಂದ ಫೋನ್ ಮಾಡಿಸಬೇಡ. ನಾನು ಮೆಸೇಜು ಹಾಕಿದರೂ ಗಿರಣಿಯ ಮಂದಿಯೆಲ್ಲ ಗಟ್ಟಿಯಾಗಿ ಓದುತ್ತಾರೆ. ಕಾಗದವೇ ಚೆನ್ನ.

ನಿನ್ನ
ಸುಕನ್ಯಾ

*

ಕಂಪ್ಲಿ
30 ಜನವರಿ 2024

ಮಗಳೇ,

ಪರದೆಯ ಮೇಲೆ ಹೆಸರು ಬರುವ ಸುದ್ದಿ ಓದಿ ಒಂದು ಗಳಿಗೆ ಎದ್ದು ನಿಂತೆ. ಆಮೇಲೆ ಕೂತು ಇನ್ನೊಮ್ಮೆ ಓದಿದೆ. ನಿನ್ನ ಕಾಗದದಲ್ಲಿ ನಗು ಬಂತು ಎಂದು ಬರೆದಿದೆ, ಆದರೆ ಅಕ್ಷರ ನಗುವವರ ಅಕ್ಷರದಂತಿಲ್ಲ. ನಾನು ಓದಿದ್ದು ಏಳನೆಯ ತರಗತಿ, ಕನ್ನಡ ಕಲಿತದ್ದು ಸಿನಿಮಾದ ಕರಪತ್ರಗಳಿಂದ. ಆದರೂ ಅಷ್ಟು ತಿಳಿಯುತ್ತದೆ.

ನೀನು ಬೇಡವೆಂದರೂ ಎರ್ರೆಪ್ಪನಿಂದ ಫೋನ್ ಮಾಡಿಸಿದೆ. ಮೂರು ದಿನ ಮಾಡಿದ. ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಕೊನೆಗೆ ತಡೆಯದೆ ಭಾನುವಾರ ಸಂಡೂರಿಗೆ ಹೋದೆ. ನಿನ್ನ ರೂಮಿನಲ್ಲಿರುವ ಶೈಲಜಾಳ ತಾಯಿ ಯಲ್ಲಕ್ಕ ಅಲ್ಲೇ ಬಸ್‌ಸ್ಟ್ಯಾಂಡಿನ ಹತ್ತಿರ ಬಟ್ಟೆ ಹೊಲಿಯುತ್ತಾಳಲ್ಲ, ಕೇಳಿದರೆ ಗೊತ್ತಾಗುತ್ತದೆ ಎಂದುಕೊಂಡೆ. ಆ ಊರು ನನಗೆ ಹೊಸದಲ್ಲ. ಗಣಿ ಕಾರ್ಮಿಕರ ಕಾಲೊನಿಗೆ ನಾನು ಜೀಪು ತಂದರೆ ಕೆಂಪು ಧೂಳಿನಲ್ಲಿ ಮುಳುಗಿದ ಗಂಡಸರು ಹಾಗೇ ಬಂದು ಸುತ್ತ ನಿಲ್ಲುತ್ತಿದ್ದರು.

ಯಲ್ಲಕ್ಕ ನನ್ನನ್ನು ನೋಡಿದ್ದೇ ಎದ್ದು ಬಂದಳು. ಅವಳು ಹೇಳುವಾಗಲೇ ಒಂದರ ಹಿಂದೆ ಒಂದು ಅದಿರಿನ ಲಾರಿ ಹೋದವು. ನನಗೆ ತಿಳಿದಷ್ಟು ಇದು: "ಸುಕನ್ಯಾ ಮಾತಾಡಂಗಿಲ್ಲಂತ್ರೀ ಯಣ್ಣ, ಎರಡು ತಿಂಗ್ಳಾತಂತ. ಆಕಿ ಕೆಲ್ಸ ನಮ್ಮ ಶೈಲಿನೇ ಮಾಡಾಕತ್ಯಾಳ."

ಅಲ್ಲಿಗೆ ನನಗೆ ಎಲ್ಲ ಅರ್ಥವಾಯಿತು. ನೀನೇ ಊಟ ಹಾಕಿ, ಕೆಲಸ ಕಲಿಸಿ ಮೈಕಿನ ಮುಂದೆ ನಿಲ್ಲಿಸಿದ ಹುಡುಗಿ ನಿನ್ನ ಕೆಲಸವನ್ನೇ ಕಿತ್ತುಕೊಂಡಿದ್ದಾಳೆ, ನೀವಿಬ್ಬರೂ ಮಾತು ಬಿಟ್ಟಿದ್ದೀರಿ. "ನಿನ್ನ ಮಗಳು ಮಾಡಿದ್ದು ಸರಿ ಅಲ್ಲ ನೋಡವ್ವ" ಎಂದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ನಾನು ತಿರುಗಿ ನೋಡದೆ ಬಸ್ಸು ಹತ್ತಿದೆ.

ಕೆಲಸ ಹೋದರೆ ಹೋಗಲಿ. ಆದರೆ ಅದನ್ನು ನನ್ನಿಂದ ಯಾಕೆ ಮುಚ್ಚಿಟ್ಟೆ? ಸ್ಟುಡಿಯೊದಲ್ಲಿ ಯಾರಾದರೂ ನಿನ್ನ ಜೊತೆ ಕೆಟ್ಟದಾಗಿ ನಡೆದುಕೊಂಡರೇ? ಒಬ್ಬನೇ ಕೂತರೆ ತಲೆಗೆ ಏನೇನೋ ಬರುತ್ತದೆ. ಗೇಟಿನಲ್ಲಿ ಲಾರಿಯವ ಹಿಂದಿನಿಂದ ಬಂದು ಹೆಗಲು ಮುಟ್ಟಿದರೂ ಬೆಚ್ಚಿ ಬೀಳುತ್ತಿದ್ದೇನೆ.

ಅಪ್ಪ

*

ಹೈದರಾಬಾದ್
6 ಫೆಬ್ರುವರಿ 2024

ಅಪ್ಪಾ,

ಮೊದಲು ಯಲ್ಲಕ್ಕನ ಹತ್ತಿರ ಹೋಗಿ ತಪ್ಪಾಯಿತು ಎಂದು ಹೇಳು. ಶೈಲಜಾ ನನ್ನ ಕೆಲಸ ಕಿತ್ತುಕೊಂಡಿಲ್ಲ. ನಾನೇ ಕೈಮುಗಿದು ಕೇಳಿ ಅವಳನ್ನು ನನ್ನ ಜಾಗದಲ್ಲಿ ನಿಲ್ಲಿಸಿದೆ. ನಾವು ಮಾತು ಬಿಟ್ಟಿದ್ದೇವೆ ಎಂದು ಯಲ್ಲಕ್ಕ ಹೇಳಿರಲಿಲ್ಲ. ನಾನು ಮಾತಾಡಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅದನ್ನೇ ಆಕೆ ಹೇಳಿದ್ದು.

ಮುಚ್ಚಿಟ್ಟು ಸಾಕಾಯಿತು. ಎಲ್ಲ ಬರೆಯುತ್ತೇನೆ.

ದಸರಾ ಹೊತ್ತಿಗೆ ದನಿ ಒಡೆಯಲು ಶುರುವಾಯಿತು. ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡೆ, ಬಿಸಿನೀರು ಕುಡಿದೆ, ಕೂಗುವ ದೃಶ್ಯಗಳನ್ನೆಲ್ಲ ಕೊನೆಗೆ ಇಟ್ಟುಕೊಂಡೆ. ನವೆಂಬರಿನಲ್ಲಿ ಒಂದು ಅಳುವ ದೃಶ್ಯ. ಹೆಡ್‌ಫೋನಿನಲ್ಲಿ ನನ್ನ ದನಿಯೇ ನನಗೆ ವಾಪಸು ಬರುತ್ತದಲ್ಲ, ಗೋಣಿಚೀಲವನ್ನು ನೆಲದ ಮೇಲೆ ಎಳೆದಂತೆ ಕೇಳಿಸಿತು. ಗಾಜಿನ ಆಚೆ ಮಲ್ಲಿಕಾರ್ಜುನ್ ಸರ್ ತಲೆಯೆತ್ತಿ ನನ್ನನ್ನೇ ನೋಡಿದರು. ನಾನು ನೆಗಡಿ ಎಂದು ಸನ್ನೆ ಮಾಡಿದೆ. ಆ ಸಿನಿಮಾವನ್ನೇ ಶೈಲಜಾ ಮೊದಲಿಂದ ಮಾಡಿಕೊಟ್ಟದ್ದು, ನೀನು ಹೊಸಪೇಟೆಯಲ್ಲಿ ನೋಡಿದ್ದು.

ಡಿಸೆಂಬರಿನಲ್ಲಿ ಆಸ್ಪತ್ರೆಗೆ ಹೋದೆ. ಮೂಗಿನಿಂದ ತೆಳ್ಳನೆಯ ಕೊಳವೆ ಬಿಟ್ಟು ಗಂಟಲಿನ ಒಳಗನ್ನು ಟಿವಿಯಲ್ಲಿ ತೋರಿಸಿದರು. ಡಾಕ್ಟರಮ್ಮ ಬೆರಳಿಟ್ಟು, ಎಡಗಡೆಯ ಧ್ವನಿತಂತುವಿನ ಮೇಲೆ ಅನ್ನದ ಅಗುಳಿನಂಥ ಬಿಳಿ ಮಚ್ಚೆ ಇದೆ ನೋಡಿ ಎಂದರು. ಎಂಟು ವರ್ಷ ಪರದೆ ನೋಡುತ್ತ ಅನ್ನ ತಿಂದವಳು ನಾನು. ಆ ಪರದೆಯನ್ನು ನೋಡಲಾಗದೆ ಕಣ್ಣು ಮುಚ್ಚಿದೆ. ಅದನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು, ತಡ ಮಾಡಬೇಡಿ, ಅಲ್ಲಿಯತನಕ ಮಾತು ಬೇಡ ಎಂದರು.

ನಾನು ತಡ ಮಾಡುತ್ತಿದ್ದೇನೆ ಅಪ್ಪಾ. ದೆವ್ವದ ಸಿನಿಮಾ ಮಾರ್ಚ್ ಐದಕ್ಕೆ ಮುಗಿಯಬೇಕು. ಈಗ ಬಿಟ್ಟರೆ ಅದು ಇನ್ನೊಬ್ಬರ ಪಾಲು. ಕತ್ತರಿಸಿದ ಮೇಲೆ ಈ ದನಿ ನನಗೆ ಇರುತ್ತದೋ ಇಲ್ಲವೋ ಯಾರೂ ಹೇಳುತ್ತಿಲ್ಲ. ಅದಕ್ಕೆ ಇಡೀ ದಿನ ಸ್ಲೇಟಿನ ಮೇಲೆ ಬರೆದು ವ್ಯವಹಾರ ಮಾಡುತ್ತೇನೆ, ಎರಡು ಗಂಟೆ ಮೈಕಿನ ಮುಂದೆ ನಿಂತು ಕಿರುಚುತ್ತೇನೆ. ಡಾಕ್ಟರಿಗೆ ಇದು ಗೊತ್ತಿಲ್ಲ. ಶೈಲಜಾ ನನ್ನ ಮೇಲೆ ಸಿಟ್ಟಾಗಿದ್ದಾಳೆ. "ಅಕ್ಕಾ, ನೀನು ಸಾಯಾಕ ಹೊಂಟೀಯೇನು" ಎಂದು ಮೊನ್ನೆ ಸ್ಲೇಟನ್ನೇ ಎಸೆದಳು.

ಬೆಳಗ್ಗೆ ಎದ್ದ ಕೂಡಲೇ ಹೊದಿಕೆಯೊಳಗೆ "ಅಪ್ಪಾ" ಎಂದು ಒಂದೇ ಸಲ ಅಂದು ನೋಡುತ್ತೇನೆ. ಕೆಲವು ದಿನ ಬರುತ್ತದೆ. ನಿನ್ನೆ ಬರೀ ಗಾಳಿ ಬಂತು. ಹೆದರಿದವರ ದನಿ ಮಾಡಿಯೇ ಬದುಕಿದವಳು ನಾನು. ಈಗ ನಿಜವಾಗಿ ಹೆದರಿದ್ದೇನೆ, ಸದ್ದು ಬರುತ್ತಿಲ್ಲ.

ಅವ್ವನದು ಕಣ್ಣ ಮುಂದೆಯೇ ಇದೆ. ಅವಳದೂ ಗಂಟಲೇ. ಕೊನೆಯ ತಿಂಗಳು ನಾನು ಬಂದಾಗ ಅವಳು ಗೋಡೆ ತಟ್ಟಿ ನೀರು ಕೇಳುತ್ತಿದ್ದಳು. ಮೊದಲ ದಿನವೇ ಡಾಕ್ಟರು ಕೈ ಮೀರಿದೆ ಎಂದಿದ್ದರು ಎಂದು ನೀನು ಹೇಳಿದ್ದೆ. ನನ್ನದೂ ಹಾಗೇ ಇದ್ದರೆ ಈಗ ಹೋದರೂ ಅಷ್ಟೇ, ಒಂದು ತಿಂಗಳು ಬಿಟ್ಟು ಹೋದರೂ ಅಷ್ಟೇ ಅಲ್ಲವೇ? ಈ ಸಿನಿಮಾ ಮುಗಿಸಿಯೇ ಹೋಗುತ್ತೇನೆ. ತಪ್ಪಿಲ್ಲ ಎಂದು ನೀನೊಂದು ಮಾತು ಬರಿ, ಸಾಕು. ದನಿ ಅಂದರೆ ಏನು ಎಂದು ನಿನ್ನಷ್ಟು ಬಲ್ಲವರು ಬೇರೆ ಯಾರಿದ್ದಾರೆ.

ಸುಕನ್ಯಾ

*

ಕಂಪ್ಲಿ
11 ಫೆಬ್ರುವರಿ 2024

ಸುಕನ್ಯಾ,

ತಪ್ಪು. ದೊಡ್ಡ ತಪ್ಪು. ಈ ಕಾಗದ ಕೈಗೆ ಬಂದ ದಿನವೇ ಆಸ್ಪತ್ರೆಗೆ ಹೋಗು. ನಾಳೆ ಬೆಳಗ್ಗೆ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ.

ನೀನು ನನ್ನನ್ನು ಕೇಳಿದ್ದನ್ನೇ ನಿನ್ನ ಅವ್ವನೂ ಕೇಳಿದ್ದಳು. ಆಗ ನಾನು ಕೊಟ್ಟ ಉತ್ತರವನ್ನು ಆರು ವರ್ಷದಿಂದ ಯಾರಿಗೂ ಹೇಳಿಲ್ಲ. ಇವತ್ತು ಹೇಳದಿದ್ದರೆ ನಾನು ಮನುಷ್ಯನಲ್ಲ.

ಬಳ್ಳಾರಿಯ ಡಾಕ್ಟರು ಮೊದಲ ದಿನ ಕೈ ಮೀರಿದೆ ಎನ್ನಲಿಲ್ಲ. ಅದು ನಾನು ಕಟ್ಟಿದ ಮಾತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಕುತ್ತಿಗೆಯಲ್ಲಿ ಉಸಿರಾಟಕ್ಕೆ ತೂತು ಇರುತ್ತದೆ, ಮಾತು ಹೋಗುತ್ತದೆ, ಜೀವ ಉಳಿಯಬಹುದು ಎಂದರು. ಹದಿನೈದು ದಿನದಲ್ಲಿ ಬನ್ನಿ ಎಂದು ಚೀಟಿಯ ಮೇಲೆ ಬರೆದೂ ಕೊಟ್ಟರು. ಹೊರಗೆ ಬೇವಿನ ಮರದ ಕೆಳಗೆ ಕೂತೆವು. ಅವಳಿಗೆ ಆಗಿನ್ನೂ ಕೀರಲು ದನಿ ಇತ್ತು. ನನ್ನ ಕಿವಿಯ ಹತ್ತಿರ ಬಂದು, "ಏನ್ಮಾಡಾಣ? ನೀ ಹೆಂಗ ಅಂತೀಯೋ ಹಂಗ" ಎಂದಳು.

ನಾನು ಹೆದರಿದ್ದೆ. ಅವಳು ಸಾಯುತ್ತಾಳೆ ಎಂದಲ್ಲ, ಅದು ನನ್ನ ತಲೆಗೇ ಹೋಗಲಿಲ್ಲ. ನನ್ನ ಭೀಮವ್ವ ಕುತ್ತಿಗೆಯಲ್ಲಿ ತೂತು ಇಟ್ಟುಕೊಂಡು ಮೂಕಳಾಗಿ ಮನೆಯಲ್ಲಿ ಓಡಾಡುವುದನ್ನು ನೆನೆದು ಹೆದರಿದೆ. ಟಾಕೀಸಿನ ಕೌಂಟರಿನ ಕಿಂಡಿಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ. ದನಿ ಕೇಳಿಯೇ ನಾನು ಅವಳನ್ನು ಇಷ್ಟಪಟ್ಟದ್ದು. "ಮಾತಿಲ್ದ ಬದುಕಾದು ಎಂಥಾ ಬದುಕಲೇ, ಬ್ಯಾಡ ನಡಿ" ಎಂದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಹೌದೇಳು" ಎಂದು ಎದ್ದಳು. ಎರಡೂವರೆ ತಿಂಗಳು ನಾಟಿ ಔಷಧ ಕುಡಿಸಿದೆ. ಮತ್ತೆ ಬಳ್ಳಾರಿಗೆ ಒಯ್ದಾಗ ಡಾಕ್ಟರು ಚೀಟಿಯ ಮೇಲಿನ ತಾರೀಕು ನೋಡಿ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅವಳಿಗೆ ಬದುಕಬೇಕೆಂದು ಇತ್ತು ಸುಕನ್ಯಾ. ಅವಳು ಹಾಗೆ ನೋಡಿದ್ದು ಯಾಕೆಂದು ನನಗೆ ಈಗ ತಿಳಿಯುತ್ತದೆ. ಬೇಡ ಎಂದವನು ನಾನು.

ನನಗೆ ನಿನ್ನ ದನಿ ಬೇಡ. ಸಿನಿಮಾ ಬೇಡ, ಪರದೆಯ ಮೇಲಿನ ಹೆಸರು ಬೇಡ. ಹೋಗು.

ತಾಯಪ್ಪ

*

ಹೈದರಾಬಾದ್
16 ಫೆಬ್ರುವರಿ 2024

ಕಾಗದ ಬಂತು.

ಆರು ವರ್ಷ ನಾನು ಆ ಡಾಕ್ಟರನ್ನು ಬೈದುಕೊಂಡಿದ್ದೆ. ನನ್ನನ್ನೂ ಬೈದುಕೊಂಡಿದ್ದೆ, ಇನ್ನೂ ಬೇಗ ಊರಿಗೆ ಬಂದು ಅವಳನ್ನು ತೋರಿಸಬೇಕಿತ್ತು ಎಂದು.

ಬುಧವಾರ ಆಸ್ಪತ್ರೆಗೆ ಸೇರುತ್ತೇನೆ. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ನೀನು ಈಗ ನನಗೆ ಏನೂ ಬರೆಯಬೇಡ.

ಸುಕನ್ಯಾ

*

ಕಂಪ್ಲಿ
24 ಫೆಬ್ರುವರಿ 2024

ಮಗಳೇ,

ಬರೆಯಬೇಡ ಎಂದಿದ್ದೀ. ಬುಧವಾರ ಹೋಗಿ ಗುರುವಾರ, ಶುಕ್ರವಾರ ಆಯಿತು. ಇವತ್ತು ಶನಿವಾರ. ಅಂಚೆಯ ಹುಸೇನಪ್ಪ ಗಿರಣಿಯ ಮುಂದೆ ಸೈಕಲ್ ನಿಲ್ಲಿಸುವುದನ್ನೇ ಬಿಟ್ಟಿದ್ದಾನೆ. ದೂರದಿಂದಲೇ ಇಲ್ಲ ಎಂದು ಕೈಯಾಡಿಸಿ ಹೋಗುತ್ತಾನೆ.

ಸಂಡೂರಿಗೆ ಹೋಗಿ ಯಲ್ಲಕ್ಕನ ಮುಂದೆ ನಿಂತೆ. ನಾನು ಬಾಯಿ ತೆರೆಯುವ ಮುಂಚೆಯೇ ಕೂರಿಸಿ ನೀರು ಕೊಟ್ಟಳು. ಕತ್ತರಿಸುವುದು ಮುಗಿದಿದೆ, ಪರೀಕ್ಷೆಗೆ ಹೋಗಿದೆ, ಇನ್ನೂ ಏನೂ ಗೊತ್ತಿಲ್ಲ ಎಂದು ಲೆಕ್ಕದ ಪುಸ್ತಕದ ಹಾಳೆಯಲ್ಲಿ ಬರೆದು ತೋರಿಸಿದಳು. ನಾನು ಆ ಹಾಳೆಯನ್ನು ಹರಿದು ತಂದಿದ್ದೇನೆ.

ಸೊಪ್ಪಿನ ಸಾರು ಕುಡಿ. ತಣ್ಣಗಿನದು ಮುಟ್ಟಬೇಡ.

ಅಪ್ಪ

*

ಕಂಪ್ಲಿ
2 ಮಾರ್ಚ್ 2024

ಮಗಳೇ,

ಒಂದು ವಾರದಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ನನ್ನದೂ ಏನೋ ಆಗಿದೆ ಎಂದುಕೊಂಡು ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಂಡೆ. ಹೆದರಿಕೆ ಬಿಟ್ಟು ಏನಿಲ್ಲ.

ಗುರುವಾರ ಎರ್ರೆಪ್ಪ ಶೈಲಜಾಗೆ ಫೋನ್ ಹಚ್ಚಿದ. ಅವಳು ಎತ್ತಿದಳು. ಇವನ ಮುಖ ಬದಲಾದದ್ದು ನಾನು ನೋಡಿದೆ. "ಏನಂತ, ಏನಂತ" ಎಂದು ತೋಳು ಹಿಡಿದು ಅಲುಗಿಸಿದೆ. "ಆಸ್ಪತ್ರ್ಯಾಗ ಅದೀವಿ, ಆಮ್ಯಾಲ ಮಾಡ್ತೀನಿ ಅಂತಂದು ಇಟ್ಲು. ಅಳಾಕತ್ತಂಗಿತ್ತು" ಎಂದ. ಅವಳು ಮತ್ತೆ ಮಾಡಲಿಲ್ಲ.

ಶುಕ್ರವಾರ ಬೆಳಗ್ಗೆ ಎರಡು ಅಂಗಿ ಚೀಲಕ್ಕೆ ಹಾಕಿಕೊಂಡು ಹೊಸಪೇಟೆಯ ಸ್ಟೇಷನ್ನಿಗೆ ಹೋದೆ. ಹೈದರಾಬಾದಿಗೆ ಟಿಕೆಟ್ ತೆಗೆಸಿದೆ. ಬೆಂಚಿನ ಮೇಲೆ ಕೂತೆ. ಅಲ್ಲಿ ಒಬ್ಬ ಹೆಂಗಸು ಆಸ್ಪತ್ರೆಗೆ ಊಟ ಒಯ್ಯುವಂಥ ಡಬ್ಬಿ ಹಿಡಿದು ನಿಂತಿದ್ದಳು. ಆ ಸ್ಟೀಲಿನ ಡಬ್ಬಿ ನೋಡಿದ್ದೇ, ಬಳ್ಳಾರಿಯ ಆಸ್ಪತ್ರೆಯ ಫಿನಾಯಿಲ್ ವಾಸನೆ ಮೂಗಿಗೆ ಬಂತು. ರೈಲು ಬಂತು, ಮಂದಿ ಹತ್ತಿದರು, ಹೋಯಿತು. ನಾನು ಏಳಲಿಲ್ಲ.

ಇದನ್ನು ಮುಚ್ಚಿಡಬಹುದಿತ್ತು. ನಿನಗೆ ಇನ್ನೊಂದು ಸುಳ್ಳು ಹೇಳಲಾರೆ. ನಾನು ಬಂದು ನಿಂತರೂ ನಿನಗೆ ಕೇಡಾಗುತ್ತದೆ ಎಂದು ಒಳಗೇ ಒಂದು ಭಯ. ಆ ಮರದ ಕೆಳಗೆ ನಾನು ಇಲ್ಲದಿದ್ದರೆ ಭೀಮವ್ವ ಬದುಕಿರುತ್ತಿದ್ದಳು.

ಒಂದೇ ಒಂದು ಸಾಲು ಬರಿ. ಬೈದಾದರೂ ಬರಿ.

ಅಪ್ಪ

*

ಹೈದರಾಬಾದ್
6 ಮಾರ್ಚ್ 2024

ಅಪ್ಪಾ,

ಎರಡು ಕಾಗದವೂ ಬಂದವು. ಎರಡನೆಯದನ್ನು ಮೂರು ಸಲ ಓದಿದೆ.

ಪರೀಕ್ಷೆಯ ಫಲಿತಾಂಶ ಗುರುವಾರ ಬಂತು. ಎರ್ರೆಪ್ಪ ಕಾಕಾ ಫೋನ್ ಮಾಡಿದ್ದು ಅದೇ ಗಳಿಗೆಯಲ್ಲಿ. ಅದೇ ರೋಗ ಅಪ್ಪಾ, ಅವ್ವನದೇ. ಆದರೆ ಇನ್ನೂ ಶುರುವಿನಲ್ಲಿದೆ, ಆ ಮಚ್ಚೆಯಲ್ಲಿ ಸಾಸಿವೆ ಕಾಳಿನಷ್ಟು. ಡಾಕ್ಟರಮ್ಮ ತಡೆದು ತಡೆದು, ಮೂರು ಸಲ ಹೇಳಿದರು. ಮೊದಲೆರಡು ಸಲ ನನಗೆ ಕೇಳಲಿಲ್ಲ. ಅವರ ತುಟಿ ಆಡುವುದು ಕಾಣುತ್ತಿತ್ತು, ಅಷ್ಟೇ. ನೀನು ಇಷ್ಟು ವರ್ಷ ಹೀಗೇ ಇದ್ದೀಯಾ ಎಂದು ಆ ಹೊತ್ತಿನಲ್ಲೂ ಅನ್ನಿಸಿತು.

ಎರಡು ದಾರಿ ಹೇಳಿದ್ದಾರೆ. ಒಂದು, ಆರು ವಾರ ದಿನಾ ಕಿರಣದ ಚಿಕಿತ್ಸೆ. ದನಿ ಹೆಚ್ಚು ಉಳಿಯಬಹುದು. ಇನ್ನೊಂದು, ಎಡ ತಂತುವಿನ ಒಂದು ಭಾಗವನ್ನು ಲೇಸರಿನಿಂದ ತೆಗೆಯುವುದು. ಮಾತು ಇರುತ್ತದೆ, ಒರಟಾಗುತ್ತದೆ, ಮೈಕಿನ ಮುಂದೆ ಕಿರುಚುವುದು ಮುಗಿದಂತೆ. ಎರಡೂ ವಾಸಿ ಮಾಡುತ್ತವೆ ಎನ್ನುತ್ತಾರೆ. ಕಿರಣವನ್ನು ಒಮ್ಮೆ ಕೊಟ್ಟ ಜಾಗಕ್ಕೆ ಮತ್ತೆ ಕೊಡುವುದು ಕಷ್ಟವಂತೆ, ಮುಂದೆಂದಾದರೂ ಅದು ತಿರುಗಿ ಬಂದರೆ ಬೇಕಾಗುತ್ತದಂತೆ. ಅದಕ್ಕೇ ಲೇಸರ್ ಮಾಡಿಸಿಕೊಳ್ಳುತ್ತೇನೆ ಎಂದು ಸ್ಲೇಟಿನ ಮೇಲೆ ಬರೆದೆ. ಯಾರನ್ನೂ ಕೇಳಲಿಲ್ಲ. ನಿನ್ನನ್ನೂ ಕೇಳುತ್ತಿಲ್ಲ.

ಮಲ್ಲಿಕಾರ್ಜುನ್ ಸರ್‌ಗೆ ಎಲ್ಲ ತಿಳಿಸಿದೆ. ಅವರು "ಮೊದ್ಲ ಯಾಕ ಹೇಳ್ಲಿಲ್ಲಮ್ಮ" ಎಂದರು. ದೆವ್ವದ ಸಿನಿಮಾವನ್ನು ಮೊದಲಿಂದ ಶೈಲಜಾ ಮಾಡುತ್ತಿದ್ದಾಳೆ. ಹೆಸರೂ ಅವಳದೇ ಬರುತ್ತದೆ. ನಾನೇ ಹಾಗೆ ಹೇಳಿದೆ, ಹೇಳಿ ಬಂದು ಬಾತ್‌ರೂಮಿನಲ್ಲಿ ಕೂತು ಅತ್ತೆ. ಅಳುವಿಗೂ ಸದ್ದಿಲ್ಲ ಈಗ.

ಆಪರೇಷನ್ ಹದಿನೆಂಟಕ್ಕೆ. ನನಗೆ ಭಾಳ ಹೆದರಿಕೆ ಆಗುತ್ತಿದೆ. ಮೊದಲ ಸಲ, ಮಚ್ಚೆ ಕತ್ತರಿಸಲು ಒಳಗೆ ಒಯ್ಯುವಾಗ, ಮಂಪರು ಬರುವ ಮುಂಚೆ, ಎಚ್ಚರವಾದಾಗ ನಾನೂ ಗೋಡೆ ತಟ್ಟುತ್ತಿರುತ್ತೇನೇನೋ ಎನ್ನಿಸಿತು. ಆಗ ನಿನ್ನ ಮೇಲೆ ಸಿಟ್ಟಿತ್ತು. ಆದರೂ ಕಣ್ಣು ಬಾಗಿಲ ಹತ್ತಿರ ನಿನ್ನನ್ನೇ ಹುಡುಕಿತು.

ಆಸ್ಪತ್ರೆಯ ವಿಳಾಸ ಕೆಳಗೆ ಬರೆದಿದ್ದೇನೆ. ಬಾ.

ಸುಕನ್ಯಾ

*

ಕಂಪ್ಲಿ
11 ಮಾರ್ಚ್ 2024

ಮಗಳೇ,

ಹದಿನಾರಕ್ಕೆ ಹೊರಡುತ್ತೇನೆ. ಎರ್ರೆಪ್ಪ ರೈಲಿನೊಳಗೆ ಕೂರಿಸಿ, ಅದು ಹೊರಟ ಮೇಲೆಯೇ ಪ್ಲಾಟ್‌ಫಾರಂ ಬಿಡುತ್ತೇನೆ ಎಂದಿದ್ದಾನೆ. ಹಾಗೇ ಮಾಡು ಎಂದು ನಾನೇ ಹೇಳಿದ್ದೇನೆ.

ಅಪ್ಪ

*

ಹೈದರಾಬಾದ್
24 ಏಪ್ರಿಲ್ 2024

ಅಪ್ಪಾ,

ನೀನು ಊರಿಗೆ ಹೋಗಿ ಎರಡು ವಾರವಾಯಿತು. ನಿನ್ನೆ ಮೊದಲ ಪರೀಕ್ಷೆ ಇತ್ತು. ಆ ಕೊಳವೆ ಮತ್ತೆ ಬಿಟ್ಟರು. ಈ ಸಲ ಕಣ್ಣು ಮುಚ್ಚಲಿಲ್ಲ. ಎಡಗಡೆ ಗುಳಿ ಬಿದ್ದಂತಿದೆ, ಆದರೆ ಬಿಳಿ ಎಲ್ಲೂ ಇಲ್ಲ. ಡಾಕ್ಟರಮ್ಮ ಚೊಕ್ಕವಾಗಿದೆ ಎಂದರು. ಐದು ವರ್ಷ ಹೀಗೆ ಬಂದು ತೋರಿಸುತ್ತಿರಬೇಕು. ಮುಂದಿನದು ಜೂನಿನಲ್ಲಿ.

ಮಾತಾಡಲು ಬಿಟ್ಟಿದ್ದಾರೆ. ದನಿ ಬಂದಿದೆ, ನನ್ನದು ಎಂದು ಹೇಳಲು ಇನ್ನೂ ನಾಚಿಕೆ. ಬೀಡಿ ಸೇದುವ ಮುದುಕನ ದನಿಯಂತಿದೆ. ಮೊನ್ನೆ ತರಕಾರಿಯವಳು ನನ್ನ ದನಿ ಕೇಳಿ ಹಿಂದೆ ಯಾರಿದ್ದಾರೆ ಎಂದು ನೋಡಿದಳು. ಮನೆಗೆ ಬಂದು ಇಡೀ ಮಧ್ಯಾಹ್ನ ಬಾಯಿ ತೆರೆಯಲಿಲ್ಲ. ಸಂಜೆ ಶೈಲಜಾ ಬಂದು ಏನಾಯಿತೆಂದು ಕೇಳಿದಾಗ, ಆ ತರಕಾರಿಯವಳು ತಿರುಗಿ ನೋಡಿದ್ದನ್ನು ಅಭಿನಯಿಸಿ ತೋರಿಸಿದೆ. ಅವಳು ಬಿದ್ದು ಬಿದ್ದು ನಕ್ಕಳು. ಅವಳ ನಗು ನೋಡಿ ನನಗೂ ಬಂತು.

ಮಲ್ಲಿಕಾರ್ಜುನ್ ಸರ್ ಬೇರೆ ಕೆಲಸ ಕೊಟ್ಟಿದ್ದಾರೆ. ತೆಲುಗಿನ ತುಟಿಗೆ ಕೂರುವಂಥ ಕನ್ನಡ ಮಾತು ಬರೆಯುವುದು. ಪರದೆಯ ಮೇಲಿನ ಹುಡುಗಿ ಬಾಯಿ ಮುಚ್ಚುವ ಕಡೆ ನನ್ನ ಮಾತೂ ಮುಚ್ಚಬೇಕು, ತೆರೆಯುವ ಕಡೆ ತೆರೆಯಬೇಕು. ಮೊದಲ ದಿನ ನಾಲ್ಕೇ ಸಾಲು ಆಯಿತು. ಈಗ ದಿನಕ್ಕೆ ಒಂದು ದೃಶ್ಯ ಆಗುತ್ತದೆ. ಕೆಟ್ಟ ಕೆಲಸವಲ್ಲ. ಮೈಕಿನ ಮುಂದೆ ಬೇರೆಯವರು ನಿಂತಾಗ ಮಾತ್ರ ನಾನು ಹೊರಗೆ ಹೋಗುತ್ತೇನೆ. ಅಲ್ಲಿರಲು ಇನ್ನೂ ಆಗುವುದಿಲ್ಲ.

ಆಪರೇಷನ್ನಿನ ದಿನದ ಒಂದು ವಿಷಯ ಬರೆಯಬೇಕು. ನಾನು ಸ್ಟ್ರೆಚರಿನ ಮೇಲಿದ್ದೆ. ಸಹಿ ಮಾಡಿಸಲು ಬಂದ ನರ್ಸಮ್ಮ ನಿನ್ನ ಕಡೆ ತಿರುಗಿ, ಯಜಮಾನರೇ ನೀವೇನು ಹೇಳುತ್ತೀರಿ ಎಂದು ಕೇಳಿದಳು. ನಿನಗೆ ಅವಳ ಮಾತು ಕೇಳಿತೋ, ತುಟಿ ನೋಡಿ ತಿಳಿಯಿತೋ ಗೊತ್ತಿಲ್ಲ. ನೀನು ಬಾಯಿ ತೆರೆಯಲಿಲ್ಲ. ನನ್ನ ಕಡೆ ಕೈ ತೋರಿಸಿದೆ. ನಾನು ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.

ನೀನು ಇಲ್ಲಿದ್ದ ಮೂರು ವಾರದಲ್ಲಿ ಅವ್ವನ ಮಾತು ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನೀನು ಗಂಜಿ ಮಾಡಿಕೊಟ್ಟೆ, ಬಟ್ಟೆ ಒಗೆದು ಹಾಕಿದೆ, ಮೂಲೆಯಲ್ಲಿ ಕೂತು ನನ್ನ ಉಸಿರನ್ನೇ ನೋಡುತ್ತಿದ್ದೆ. ಹೊರಡುವ ದಿನ ಏನೋ ಹೇಳಲು ಬಂದು ಚೀಲ ಎತ್ತಿಕೊಂಡು ಹೋದೆ. ಕ್ಷಮಿಸಿದ್ದೇನೆ ಎಂಬ ನನ್ನ ಮಾತಿಗೆ ನೀನು ಕಾದಿದ್ದೆ ಅಂತ ಕಾಣುತ್ತದೆ.

ಆ ಮಾತು ನನ್ನಲ್ಲಿ ಇಲ್ಲ ಅಪ್ಪಾ. ನಿನ್ನೆ ಡಾಕ್ಟರಮ್ಮ ಚೊಕ್ಕವಾಗಿದೆ ಎಂದ ಕೂಡಲೇ ನನಗೆ ನೆನಪಾದದ್ದು ಅವ್ವ. ಅವಳಿಗೂ ಯಾರಾದರೂ ಹೀಗೆ ಹೇಳಬಹುದಿತ್ತು. ಕುತ್ತಿಗೆಗೆ ಸೆರಗು ಸುತ್ತಿಕೊಂಡು ಅವಳು ನಮ್ಮ ಮನೆಯಲ್ಲಿ ಇರಬಹುದಿತ್ತು. ಸನ್ನೆಯಲ್ಲೇ ಇಡೀ ಸಿನಿಮಾ ಹೇಳುತ್ತಿದ್ದಳು, ಅಷ್ಟು ಗಟ್ಟಿ ಹೆಂಗಸು. ನೀನು ಮಾಡಿದ್ದು ತಪ್ಪು. ನೀನು ಅದನ್ನು ಹೇಳದೆ ಇದ್ದಿದ್ದರೆ ನಾನು ಮಾರ್ಚ್ ಐದರತನಕ ಕಿರುಚುತ್ತಲೇ ಇರುತ್ತಿದ್ದೆ. ಎರಡೂ ನಿಜ, ಒಂದಕ್ಕೆ ಇನ್ನೊಂದು ಸಮವಾಗುವುದಿಲ್ಲ.

ಅವ್ವನ ವಿಷಯ ನಾನು ಇನ್ನೂ ಹಲವು ಸಲ ಬರೆಯುತ್ತೇನೆ. ಸಿಟ್ಟಿನಲ್ಲೂ ಬರೆಯುತ್ತೇನೆ. ನೀನು ಓದಬೇಕು, ಪ್ರತಿ ಸಲವೂ ಉತ್ತರ ಬರೆಯಬೇಕು. ಆ ಎರಡೂವರೆ ತಿಂಗಳು ಅವಳು ಏನೇನು ಅಂದಳು, ಒಂದೂ ಬಿಡದೆ ನನಗೆ ಬೇಕು. ಮೊದಲ ದಿನದಿಂದ ಶುರು ಮಾಡು.

ಸುಕನ್ಯಾ